ಕಲಿಸೋರು ಹೆಂಗಸರೇನ್ರಿ?

ಯಶವಂತನಗರದಿಂದ ಸ್ಕೂಟರ್ ಕಲಿಯಲು ಬಂದ ನರ್ಸ್ ಒಬ್ಬರು ಮೊದಲ ದಿನವೇ ನನ್ನನ್ನು ಬೈದರು. ನಾನಿನ್ನೂ ಅವರ ಕೈಗೆ ಹೆಲ್ಮೆಟ್ ಕೊಟ್ಟಿರಲಿಲ್ಲ. ಬಯಲಿನ ಅಂಚಿನಲ್ಲಿ ನಿಂತು, ಸೆರಗಿಗೆ ಹತ್ತಿದ್ದ ಅದಿರಿನ ಕೆಂಪು ಧೂಳನ್ನು ಕೊಡವುತ್ತಾ, "ಎಲ್ಲಿ ಅಡಗಿ ಕುಂತಿದ್ರಿ ಇಷ್ಟು ದಿನ?" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

ನಾನು ಹೊಸಪೇಟೆಯ ಚಿತ್ತವಾಡ್ಗಿಯವಳು. ಹೆಂಗಸರಿಗೆ ಸ್ಕೂಟರ್ ಓಡಿಸಲು ಕಲಿಸುವುದು ನನ್ನ ಕೆಲಸ. ಮನೆಯಿಂದ ಕೂಗಳತೆಯಲ್ಲಿ ಒಂದು ಬಯಲಿದೆ. ನಸುಕಿನಲ್ಲಿ ಒಂದಿಷ್ಟು ಜನಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮತ್ತೊಂದಿಷ್ಟು ಜನಕ್ಕೆ ಅಲ್ಲಿ ಕಲಿಸುತ್ತೇನೆ. ಇದು ಶುರುವಾದದ್ದು ಓಣಿಯ ಗೆಳತಿಗೆ ಹೇಳಿಕೊಟ್ಟಾಗ. ಅವಳು ತಂಗಿಯನ್ನು ಕಳಿಸಿದಳು, ತಂಗಿ ತನ್ನ ನಾದಿನಿಯನ್ನು ಕಳಿಸಿದಳು. ಹಾಗೆ ಬಾಯಿಂದ ಬಾಯಿಗೆ ಬೆಳೆದ ಕಸುಬು. ಊರಿಗೆಲ್ಲ ನಾನು ಗೊತ್ತು ಎಂದು ನಂಬಿಕೊಂಡಿದ್ದೆ.

ಆ ನರ್ಸ್ ಗಣಿ ಕಾರ್ಮಿಕರ ದವಾಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಕಂಪನಿ ಬಸ್ಸು ಕಾರ್ಮಿಕರ ಪಾಳಿಗೆ ಹೊಂದಿಕೊಂಡು ಓಡುತ್ತದೆ, ಅವರ ಡ್ಯೂಟಿಗಲ್ಲ. ಡ್ಯೂಟಿ ಮುಗಿಸಿ ರಸ್ತೆ ಬದಿಗೆ ನಿಂತು, ಅದಿರಿನ ಲಾರಿಗಳ ನಡುವೆ ಯಾವುದಾದರೂ ಆಟೋ ಬಂದೀತೇ ಎಂದು ಕಾಯುವುದು ಅವರಿಗೆ ಸಾಕಾಗಿತ್ತು. ಸ್ಕೂಟರ್ ಕಲಿಯಬೇಕು ಅಂದುಕೊಂಡರು. ಕಲಿಸುವವಳು ಹೆಂಗಸಾಗಿರಬೇಕು ಎನ್ನುವುದೊಂದೇ ಅವರ ಷರತ್ತು. ಫೋನಿನಲ್ಲಿ ಹುಡುಕಿದರೆ ಗಾಡಿ ಮಾರುವ ಶೋರೂಮುಗಳು ಬಂದವು, ಕಾರು ಕಲಿಸುವ ಶಾಲೆಗಳು ಬಂದವು. ನಾನು ಬರಲಿಲ್ಲ. ರಜೆ ಹಾಕಿ ಹೊಸಪೇಟೆಗೆ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿಯಲ್ಲಿ ಕೇಳಿದರಂತೆ.

"ಹೆಂಗಸ್ರು ಹೆಂಗಸ್ರಿಗೆ ಗಾಡಿ ಕಲಿಸೂದಾ? ಇಬ್ರೂ ಕೂಡೇ ಬೀಳ್ತಾರ ಅಂತ ನಕ್ಕರು ನೋಡ್ರಿ" ಎಂದರು. "ಯಾವುದೋ ಡ್ರೈವಿಂಗ್ ಸ್ಕೂಲ್ ತೋರಿಸಿದ್ರು. ಹೋದೆ. ಅಲ್ಲಿದ್ದಾಂವ ಹಿಂದ ಕುಂತು, ಎರಡೂ ಕಡಿಂದ ಕೈ ಚಾಚಿ ಹ್ಯಾಂಡಲ್ ಹಿಡಿದ. ಕಲಿಸೂ ರೀತಿನೇ ಹಂಗ ಅಂದ. ನಾನು ಗಾಡಿ ನಿಲ್ಸಿ ಇಳಿದು, ಸೀದಾ ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಬಂದುಬಿಟ್ಟೆ."

ಆಮೇಲೆ ಒಂದಿಡೀ ಮಳೆಗಾಲ ಅವರು ಆ ಮಾತೇ ಎತ್ತಲಿಲ್ಲ. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗುವಿಗೆ ಜ್ವರ ಬಂದಿದೆಯೆಂದು ಅವರ ದವಾಖಾನೆಗೆ ಸ್ಕೂಟರಿನಲ್ಲಿ ಹೋದಳು. ಎಲ್ಲಿ ಕಲಿತಿರಿ ಎಂದು ಇವರು ಕೇಳಿದರು. ನನ್ನ ಸುದ್ದಿ ತಲುಪಿದ್ದು ಹಾಗೆ.

"ಆ ಕೂಸಿಗೆ ಜ್ವರ ಬರದಿದ್ರ ನೀವು ನನಗ ಸಿಗ್ತಿದ್ದಿಲ್ಲ. ಕಲಿಸೋರು ಹೆಂಗಸರು ಅಂತ ಒಂದು ಕಡಿ ಬರ್ದು ಹಾಕಾಕ ಏನಾಗಿತ್ರಿ ನಿಮಗ?"

ಬಸ್ ಸ್ಟ್ಯಾಂಡಿನಿಂದ ನಮ್ಮ ಬಯಲಿಗೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಒಂದು ಫೋನ್ ಮಾತು ಮುಗಿಯುವಷ್ಟರಲ್ಲಿ ಬಂದುಬಿಡಬಹುದು. ಅವರು ಅಲ್ಲಿ ಇಳಿದು ನಡೆದ ಹೊತ್ತಿನಲ್ಲಿ ನಾನು ಇಲ್ಲಿ, ಕಲಿಯುವವರಿಲ್ಲದೆ, ಗಾಡಿಗೆ ಒರಗಿಕೊಂಡು ನಿಂತಿದ್ದಿರಬಹುದು. ಅಂದು ಅವರಿಗೆ ಬ್ರೇಕು ಹಿಡಿಯುವುದನ್ನು ಹೇಳಿಕೊಟ್ಟು ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಗೊತ್ತಾಗಿದ್ದರೆ ಬೈದಾದರೂ ಮುಗಿಸುತ್ತಿದ್ದೆ.

ಬರೆದು ಹಾಕಿರಲಿಲ್ಲ ಎಂದಲ್ಲ. ಒಮ್ಮೆ 'ಮಹಿಳೆಯರಿಗೆ ಸ್ಕೂಟರ್ ತರಬೇತಿ' ಎಂದು ಫೋನ್ ನಂಬರಿನ ಜೊತೆ ಅಚ್ಚು ಹಾಕಿಸಿ ಗೋಡೆಗಳಿಗೆ ಅಂಟಿಸಿದ್ದೆ. ಫೋನು ಬಂದವು, ಬಹಳ ಬಂದವು. ಮುಕ್ಕಾಲು ಪಾಲು ಗಂಡಸರವು. "ನಮಗೂ ಕಲಿಸ್ತೀರೇನ್ರಿ?" ಎಂದು ಒಬ್ಬ, ಹಿಂದಿನಿಂದ ನಾಲ್ಕು ಜನರ ನಗು. ನನ್ನ ಗಂಡ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ಒಂದು ದಿನ ಅವರು ಊಟಕ್ಕೆ ಕೂತಾಗ ಅಂಥ ಒಂದು ಫೋನು ಬಂತು. ಮರುದಿನ ಬೆಳಿಗ್ಗೆ ಅವರೇ ಬಕೆಟ್ಟು ನೀರು ಹಿಡಿದು ಹೋಗಿ ಕೈಗೆ ಸಿಕ್ಕ ಕಾಗದಗಳನ್ನೆಲ್ಲ ಕಿತ್ತು ಬಂದರು. ನಂಬರ್ ಇದ್ದರೆ ಇಂಥವರು, ಇಲ್ಲದಿದ್ದರೆ ಯಾರೂ ಇಲ್ಲ.

ನಿಜಕ್ಕೂ ಕಲಿಯಬೇಕೆನ್ನುವ ಹೆಂಗಸರು ಫೋನ್ ಮಾಡಲು ಹೆದರುತ್ತಾರೆ. ಇದು ನನಗೆ ನಿಧಾನಕ್ಕೆ ತಿಳಿದದ್ದು. ಮಾಡಿದರೂ ಪಿಸುಮಾತು. ಅತ್ತೆ ಪಕ್ಕದ ಕೋಣೆಯಲ್ಲಿರುತ್ತಾರೆ, ಗಂಡ ಬಚ್ಚಲಲ್ಲಿರುತ್ತಾರೆ. ಮೊದಲ ಪ್ರಶ್ನೆ ಎಲ್ಲರದೂ ಒಂದೇ, "ಕಲಿಸೋರು ಹೆಂಗಸರೇನ್ರಿ?" ನನ್ನ ದನಿ ಕೇಳುತ್ತಿದ್ದರೂ ಕೇಳುತ್ತಾರೆ. ಫೋನ್ ಎತ್ತುವವಳು ಬೇರೆ, ಕಲಿಸುವವನು ಬೇರೆ ಇದ್ದಾನು ಎಂಬ ಅನುಮಾನ. ಉತ್ತರ ಪೂರ್ತಿ ಕೇಳುವ ಮೊದಲೇ ಯಾರೋ ಬಂದರೆಂದು ಇಟ್ಟುಬಿಡುತ್ತಾರೆ.

ನರ್ಸ್ ಬೈದ ಆ ವಾರವೇ ವೆಬ್‌ಸೈಟ್ ಮಾಡಿಸುತ್ತೇನೆಂದು ಗಂಡನಿಗೆ ಹೇಳಿದೆ.

"ಅವೆಲ್ಲಾ ದೊಡ್ಡ ಕಂಪನಿಯವರಿಗೆ" ಎಂದರು. "ನೀನು ಬಯಲಾಗ ಗಾಡಿ ಕಲಿಸಾಕಿ. ನಿನಗ್ಯಾಕ ಬೇಕು?"

"ದೊಡ್ಡ ಕಂಪನಿ ಎಲ್ಲೈತಿ ಅಂತ ಊರೆಲ್ಲಾ ಬಲ್ಲದು. ಬಯಲಾಗ ಕಲಿಸಾಕಿ ಎಲ್ಲದಾಳ ಅಂತ ಯಾರಿಗೆ ಗೊತ್ತೈತ್ರಿ?"

ಅವರು ಮಜ್ಜಿಗೆ ಕುಡಿದು ಎದ್ದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಪೇಟೆಯಲ್ಲಿ ಮದುವೆ ಕಾರ್ಡು, ಫ್ಲೆಕ್ಸು ಮಾಡುವ ಅಂಗಡಿಯವನೊಬ್ಬ ವೆಬ್‌ಸೈಟನ್ನೂ ಮಾಡುತ್ತೇನೆ ಎಂದು ಬರೆದುಕೊಂಡಿದ್ದ. "ಮಸ್ತ್ ಮಾಡಿ ಕೊಡ್ತೀನ್ರಿ ಅಕ್ಕಾ, ನೀವು ಚಿಂತೀನ ಮಾಡಬ್ಯಾಡ್ರಿ" ಎಂದ. ನಾನು ಏನು ಕಲಿಸುತ್ತೇನೆ, ಎಲ್ಲಿ, ಯಾವ ಹೊತ್ತಿಗೆ ಎಂದು ಹೇಳತೊಡಗಿದರೆ ಅವನು ಕೇಳಿಸಿಕೊಳ್ಳುತ್ತಾ ಬೇರೆ ಯಾರದೋ ಗೃಹಪ್ರವೇಶದ ಫ್ಲೆಕ್ಸಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಿದ್ದ.

ಎಷ್ಟೋ ಸಲ ಅಲೆದಾಡಿಸಿ ಕೊನೆಗೆ ತೋರಿಸಿದ. ಮೇಲೆ ಸಮುದ್ರದ ದಂಡೆ. ಅದರ ಮುಂದೆ ಹೊಂಬಣ್ಣದ ಕೂದಲಿನ ವಿದೇಶಿ ಹುಡುಗಿ ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸುತ್ತಿದ್ದಾಳೆ. ಕೆಳಗೆ ಪೂರಾ ಇಂಗ್ಲಿಷು. ಅದನ್ನು ಓದಲು ನನಗೆ ಬಂತು, ಆದರೆ ನಾನು ಏನು ಕೆಲಸ ಮಾಡುತ್ತೇನೆ ಎನ್ನುವುದು ಅದರಿಂದ ನನಗೇ ತಿಳಿಯಲಿಲ್ಲ. ವಿಶ್ವಮಟ್ಟದ ಗುಣಮಟ್ಟ ಎಂದಿತ್ತು, ಗ್ರಾಹಕರ ಸಂತೃಪ್ತಿ ಎಂದಿತ್ತು. ಕಲಿಸುವವಳು ಹೆಂಗಸು ಎಂಬ ಒಂದು ಮಾತು ಎಲ್ಲಿಯೂ ಇರಲಿಲ್ಲ.

"ಕನ್ನಡದಾಗ ಬರೀರಿ" ಎಂದೆ.

"ಕನ್ನಡದಾಗ ಹಾಕಿದ್ರ ಲೋಕಲ್ ಕಾಣ್ತೈತ್ರಿ ಅಕ್ಕಾ."

"ನಾನು ಲೋಕಲ್ಲೇ ಅದೀನಲ್ಲಪ್ಪಾ."

ಅವನು ಕೊನೆಗೂ ಸಮುದ್ರ ತೆಗೆಯಲಿಲ್ಲ. ಇದಾದರೂ ಇರಲಿ ಎಂದು ಒಪ್ಪಿಕೊಂಡು, ಆ ವೆಬ್‌ಸೈಟಿನ ವಿಳಾಸವನ್ನು ಗಾಡಿಯ ಹಿಂದೆ, ಮುಂದೆ, ಹೆಲ್ಮೆಟ್ಟುಗಳ ಮೇಲೆಲ್ಲ ಬರೆಸಿದೆ. ವರ್ಷ ತುಂಬಿದ ಸ್ವಲ್ಪ ದಿನಕ್ಕೆ ಕಲಿಯಲು ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು, "ಆಂಟಿ, ನಿಮ್ಮ ಪೇಜ್ ತೆಗೀವಲ್ದು" ಎಂದಳು. ಹೋಗಿ ನೋಡಿದರೆ ಫ್ಲೆಕ್ಸಿನ ಅಂಗಡಿ ಇದ್ದ ಜಾಗದಲ್ಲಿ ಫೋನ್ ಕವರುಗಳ ಅಂಗಡಿ. ಅವನ ನಂಬರು ಹೇಗೋ ಸಂಪಾದಿಸಿ ಮಾತಾಡಿದೆ. ವೆಬ್‌ಸೈಟಿನ ಹೆಸರಿಗೆ ವರ್ಷ ವರ್ಷ ಬಾಡಿಗೆ ಕಟ್ಟಬೇಕಂತೆ, ಇವನು ಕಟ್ಟಿಲ್ಲವಂತೆ. ಹಾಗಾದರೆ ನಾನೇ ಕಟ್ಟುತ್ತೇನೆ ಎಂದೆ.

"ಅದು ಬರಲ್ರಿ ಅಕ್ಕಾ. ನಿಮ್ಮ ಹೆಸರು ನನ್ನ ಹೆಸರಿನ್ಯಾಗ ಐತಿ."

ಫೋನ್ ಇಟ್ಟು, ಗಾಡಿಯ ಹಿಂದೆ ಬರೆಸಿದ್ದನ್ನು ಬ್ಲೇಡಿನಿಂದ ಕೆರೆಯುತ್ತಾ ಕೂತೆ. ಅಕ್ಷರ ಹೋಯಿತು, ಜೊತೆಗೆ ಗಾಡಿಯ ಬಣ್ಣವೂ ಹೋಯಿತು. ಹೆಲ್ಮೆಟ್ಟುಗಳ ಮೇಲಿನದನ್ನು ಹಾಗೇ ಬಿಟ್ಟೆ. ಸತ್ತ ವಿಳಾಸವನ್ನು ತಲೆಯ ಮೇಲೆ ಹೊತ್ತುಕೊಂಡು ನನ್ನ ವಿದ್ಯಾರ್ಥಿನಿಯರು ಸುಮಾರು ದಿನ ಬಯಲು ಸುತ್ತಿದರು.

ಗಂಡ ಬಣ್ಣ ಹೋದ ಜಾಗವನ್ನು ಬೆರಳಿನಿಂದ ಸವರಿ ನೋಡಿ ಒಳಗೆ ಹೋದರು. ಅದು ಇನ್ನೂ ಕಷ್ಟವಾಯಿತು.

ಆ ಹೊತ್ತಿನಲ್ಲಿ ನನ್ನ ಹತ್ತಿರ ಹಂಪಿಯ ಒಬ್ಬರು ಕಲಿಯುತ್ತಿದ್ದರು. ನನ್ನ ವಯಸ್ಸಿನವರೇ. ಮನೆಯ ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ತಾವೇ ರೊಟ್ಟಿ ಬಡಿದು ಊಟಕ್ಕೆ ಹಾಕುತ್ತಿದ್ದರು. ಬಯಲಿನ ಪಾಠ ಮುಗಿದವರನ್ನು ನಾನು ರಸ್ತೆಗೆ ಕರೆದೊಯ್ಯುತ್ತೇನೆ. ಅವರನ್ನು ಅವರ ಊರಿನ ದಾರಿಯಲ್ಲೇ, ಕಮಲಾಪುರ ದಾಟಿ, ಮುಂದೆ ಅವರು ಹಿಂದೆ ನಾನು, ಬಂಡೆಗಳ ನಡುವಿನ ತಿರುವುಗಳಲ್ಲಿ ಓಡಿಸಿಕೊಂಡು ಹೋದೆ. ಟೂರಿಸ್ಟ್ ಬಸ್ಸು ಎದುರಿಗೆ ಬಂದಾಗಲೆಲ್ಲ ಅವರು ಗಾಡಿ ನಿಲ್ಲಿಸಿ ಎರಡೂ ಕಾಲು ಊರುತ್ತಿದ್ದರು. ಹಾಗೆ ನಿಂತು ನಿಂತು ಅವರ ಮನೆ ತಲುಪಿದೆವು. ಚಹಾ ಕೊಟ್ಟರು. ಮಾತು ಬಂದು, ನನ್ನ ವೆಬ್‌ಸೈಟಿನ ಗೋಳನ್ನೆಲ್ಲ ಹೇಳಿಕೊಂಡೆ.

ಅವರಿಗೊಂದು ವೆಬ್‌ಸೈಟ್ ಇತ್ತು. ತೋರಿಸಿದರು. ಏನೂ ಥಳಕಿಲ್ಲ. ಕೋಣೆಯ ಫೋಟೋ, ಬಚ್ಚಲಿನ ಫೋಟೋ, ಮೆಟ್ಟಿಲು ಕಡಿದಾಗಿವೆ ಎಂಬ ಎಚ್ಚರಿಕೆ, ಬಿಸಿನೀರು ಬೆಳಿಗ್ಗೆ ಮಾತ್ರ ಎಂಬ ಮಾತು.

"ಮೆಟ್ಲು ಕಡಿದು ಅಂತ ನೀವ ಬರ್ಕೊಂಡೀರಲ್ರಿ" ಎಂದೆ.

"ಮತ್ತ? ಬರೀಲಿಲ್ಲಂದ್ರ ಮೊಣಕಾಲು ನೋಯೋರು ಬಂದು ಕೆಳಗ ನಿಂತು ಜಗಳಾ ತೆಗೀತಿದ್ರು. ಈಗ ಓದ್ಕೊಂಡು, ಆಗೋರು ಬರ್ತಾರ. ಜನ ಏನು ಕೇಳ್ತಾರ ಅದನ್ನ ಬರೀರಿ ಅಕ್ಕಾ. ನಾವು ಏನು ಹೇಳ್ಬೇಕಂತೀವಿ, ಅದು ಯಾರಿಗೂ ಬೇಕಾಗಿಲ್ಲ."

ಅವರ ಜಗುಲಿಯಲ್ಲೇ ಕೂತು ಶುರು ಮಾಡಿದೆವು. ಈ ಸಲ ವೆಬ್‌ಸೈಟಿನ ಹೆಸರನ್ನು ನನ್ನ ಹೆಸರಿನಲ್ಲೇ, ನನ್ನ ಫೋನಿನಿಂದಲೇ ತೆಗೆದುಕೊಂಡೆ. ಮುಂದೆ ಅವರ ರಸ್ತೆ ಪಾಠದ ದಿನಗಳಲ್ಲೆಲ್ಲ ಒಂದಿಷ್ಟು ಹೊತ್ತು ಇದೇ ಕೆಲಸ. ಪಿಸುದನಿಯ ಫೋನುಗಳಲ್ಲಿ ಕೇಳಿದ ಪ್ರಶ್ನೆಗಳನ್ನು ನೆನಪು ಮಾಡಿಕೊಂಡು ಬರೆದೆ. ಕಲಿಸುವವರು ಹೆಂಗಸರೇ? ಹೌದು, ನಾನೊಬ್ಬಳೇ, ಬೇರೆ ಯಾರೂ ಇಲ್ಲ. ಸೀರೆ ಉಟ್ಟು ಕಲಿಯಬಹುದೇ? ಕಲಿಯಬಹುದು, ಸೆರಗನ್ನೂ ನೆರಿಗೆಯನ್ನೂ ಹೇಗೆ ಸಿಕ್ಕಿಸಬೇಕೆಂದು ಮೊದಲ ದಿನ ತೋರಿಸುತ್ತೇನೆ. ಸೈಕಲ್ ಬರದಿದ್ದರೆ? ಬರದಿದ್ದರೂ ಆಗುತ್ತದೆ, ಹೆಚ್ಚು ದಿನ ಹಿಡಿಯುತ್ತದೆ. ಬಿದ್ದರೆ? ಬೀಳಬಹುದು, ಬಯಲು ಮಣ್ಣಿನದು. ನಿಂತು ನೋಡುವವರು ಇರುತ್ತಾರೆಯೇ? ದನ ಮೇಯಿಸುವವರು ಇರುತ್ತಾರೆ, ಎರಡು ದಿನ ನೋಡಿ ಬೇಸರವಾಗಿ ಸುಮ್ಮನಾಗುತ್ತಾರೆ. ಎಷ್ಟು ಹಣ ಎಂಬುದನ್ನೂ ಬರೆದೆ, ಬಯಲಿಗೆ ಬರುವ ದಾರಿಯನ್ನೂ ಬರೆದೆ. ಫೋನ್ ನಂಬರಿನ ಬದಲು, ಕಲಿಯಬೇಕೆನ್ನುವವರು ಅಲ್ಲೇ ಎರಡು ಸಾಲು ಬರೆದು ಕಳಿಸುವಂತೆ ಒಂದು ಜಾಗ ಮಾಡಿದೆವು.

ಮಳೆ ಸುರಿದಂತೆ ಜನ ಬಂದರು ಎಂದು ಹೇಳಬೇಕಿತ್ತು. ಹಾಗೇನೂ ಆಗಲಿಲ್ಲ. ಕೆಲವು ವಾರ ಯಾರೂ ಬರಲಿಲ್ಲ. ನನ್ನ ಭಾವನವರು, ಗಂಡನ ಅಣ್ಣ, ಹಬ್ಬಕ್ಕೆ ಬಂದವರು, "ಎಷ್ಟು ಜನ ಬಂದ್ರವ್ವಾ ನಿನ್ನ ವೆಬ್‌ಸೈಟ್ ನೋಡಿ?" ಎಂದು ಹೋಳಿಗೆ ಮುರಿಯುತ್ತಾ ಕೇಳಿದರು. ಅವರ ದನಿಯಲ್ಲಿದ್ದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಮೊದಲು ಬಂದವರು ಪಾಪಿನಾಯಕನಹಳ್ಳಿಯ ಹೆಂಗಸು. ಐವತ್ತು ದಾಟಿರಬೇಕು. ಹೊಲದಲ್ಲಿ ದುಡಿದ ಕೈ, ಗಟ್ಟಿ ಮೈಕಟ್ಟು. ಬಂದವರೇ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, "ಹಿಂಗ ಏನ್ರಿ?" ಎಂದರು.

"ಯಾರು ಹೇಳಿದ್ರು ನಿಮಗ?"

"ನೀವ ಬರ್ದೀರಲ್ಲ. ಮಗಳ ಫೋನಿನ್ಯಾಗ ಓದಿದೆ. ಒಂದ ಸಲಕ್ಕ ಅಲ್ಲ. ಎಲ್ಲಾರೂ ಹೊಲಕ್ಕ ಹೋದಾಗ ತೆಗೀತಿದ್ದೆ, ಓದ್ತಿದ್ದೆ, ಮುಚ್ಚಿಡ್ತಿದ್ದೆ. ಯಾರನ್ನೂ ಕೇಳ್ಬೇಕಾಗಿದ್ದಿಲ್ಲ ನೋಡ್ರಿ. ಕೇಳಿದ್ರ ನಗ್ತಿದ್ರು."

ಅವರು ಎರಡನೆಯ ದಿನ ಬಿದ್ದರು. ಮೂರನೆಯ ದಿನ ಬರಲಾರರು ಎಂದುಕೊಂಡೆ, ಬಂದರು. ಅವರು ಮೊದಲ ಬಾರಿಗೆ ಕಾಲು ಊರದೆ ಬಯಲನ್ನು ಸುತ್ತಿ ಬಂದು, ಗಾಡಿ ನಿಲ್ಲಿಸಿ, "ಇನ್ನೊಂದು ಸುತ್ತು ಹಾಕ್ಲೇನು?" ಎಂದು ಕೇಳಿದರು, ಅಷ್ಟೇ.

ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಬರುವವರು ಎಲ್ಲ ತಿಳಿದೇ ಬರುತ್ತಿದ್ದರಿಂದ ನನ್ನ ಗಂಟಲು ಉಳಿಯಿತು. ಕೀಟಲೆ ಫೋನುಗಳು ನಿಂತೇಹೋದವು, ಯಾಕೆಂದರೆ ಅಲ್ಲಿ ನನ್ನ ನಂಬರನ್ನೇ ಹಾಕಿರಲಿಲ್ಲ. ಕಲಿಯಬೇಕೆಂದು ಎರಡು ಸಾಲು ಬರೆದವರಿಗೆ, ಅವರು ಹೇಳಿದ ಹೊತ್ತಿಗೆ, ನಾನೇ ಫೋನ್ ಮಾಡುತ್ತಿದ್ದೆ. ಕೆಲಸ ಒಂದು ದಾರಿಗೆ ಬಂತು ಎಂದುಕೊಂಡೆ.

ಹೀಗಿರುವಾಗ ಒಂದು ಸಂಜೆ ಗಂಡ ಗಿರಣಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ, "ಕಂಪ್ಲಿಯೊಳಗ ನಿನ್ನ ಬ್ರ್ಯಾಂಚ್ ಯಾವಾಗ ತೆಗೆದಿ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರ ಜೊತೆ ಕೆಲಸ ಮಾಡುವವರ ಹೆಂಡತಿ ಕಂಪ್ಲಿಯ ಯಾವುದೋ ಡ್ರೈವಿಂಗ್ ಶಾಲೆಗೆ ಸೇರಿದ್ದರಂತೆ. ಆ ಶಾಲೆಯ ವೆಬ್‌ಸೈಟಿನಲ್ಲಿ ಹೆಂಗಸೇ ಕಲಿಸುವುದು ಎಂದು ಓದಿ ದುಡ್ಡು ಕಟ್ಟಿದರಂತೆ. ಹೋದರೆ ಕಲಿಸಲು ಬಂದವನು ಗಂಡಸು. ನಿಮ್ಮ ಮನೆಯವರ ಶಾಲೆಯೇ ಅಲ್ಲವೇ, ಹೀಗೆ ಮೋಸ ಮಾಡಬಹುದೇ ಎಂದು ಆ ಹೆಂಗಸಿನ ಗಂಡ ಇವರನ್ನು ಗಿರಣಿಯಲ್ಲಿ ಎಲ್ಲರ ಮುಂದೆ ಕೇಳಿದ್ದರು.

ಆ ಕಂಪ್ಲಿಯ ಶಾಲೆಯವನ ವೆಬ್‌ಸೈಟ್ ತೆಗೆದು ನೋಡಿದೆ. ನನ್ನ ಮಾತುಗಳು ಇದ್ದ ಹಾಗೆಯೇ ಅಲ್ಲಿದ್ದವು. ಸೀರೆಯ ನೆರಿಗೆ ಇತ್ತು, ದನ ಮೇಯಿಸುವವರು ಇದ್ದರು, 'ನಾನೊಬ್ಬಳೇ' ಎಂಬುದನ್ನೂ ಅವನು ತಿದ್ದಿರಲಿಲ್ಲ. ಊರಿನ ಹೆಸರು ಮಾತ್ರ ಬದಲು. ಫೋನ್ ಮಾಡಿ ಕೇಳಿದರೆ, "ಎಲ್ಲಾರೂ ಹಂಗ ಬರೀತಾರ್ರಿ ಮೇಡಂ, ನಿಮ್ಮದೇನು ವಿಶೇಷ?" ಎಂದ. ಆ ನರ್ಸ್ ಗಾಡಿಯಿಂದ ಇಳಿದು ನಡೆದು ಬಂದಂಥದ್ದೇ ಜಾಗಕ್ಕೆ, ನನ್ನದೇ ಮಾತು ನಂಬಿ, ಇನ್ನೊಬ್ಬಳು ಹೋಗಿ ಕೂತಿದ್ದಳು.

ಮಾತನ್ನು ಯಾರು ಬೇಕಾದರೂ ಕದಿಯಬಹುದು. ಹಾಗಾದರೆ ಕದಿಯಲಾಗದ್ದು ಏನಿದೆ ಎಂದು ಯೋಚಿಸಿ, ನನ್ನ ಫೋಟೋ ಹಾಕುತ್ತೇನೆ ಎಂದೆ. ಅಲ್ಲಿಯವರೆಗೆ ಬರೀ ಗಾಡಿಯ ಫೋಟೋ ಹಾಕಿದ್ದೆ. ಭಾವನವರಿಗೆ ಯಾರು ಹೇಳಿದರೋ, ಬಂದು ಕೂತರು.

"ನೋಡವ್ವಾ, ನಮ್ಮ ಮನಿ ಹೆಣ್ಮಕ್ಕಳ ಫೋಟೋ ಕಂಡ ಕಂಡೋರ ಫೋನಿನ್ಯಾಗ ಇರೂದು ನನಗ ಸರಿ ಕಾಣೂದಿಲ್ಲ."

"ನಾನು ದಿನಾ ಬಯಲಾಗ ನಿಂತಿರ್ತೀನ್ರಿ ಭಾವಾರ. ಕಂಡ ಕಂಡೋರೆಲ್ಲಾ ನೋಡ್ತಾರ."

"ಅದು ಬ್ಯಾರೆ, ಇದು ಬ್ಯಾರೆ."

"ಹೆಂಗ ಬ್ಯಾರೆ ಹೇಳ್ರಿ."

ಅವರು ತಮ್ಮನ ಮುಖ ನೋಡಿದರು. ನಾನೂ ನೋಡಿದೆ. ಗಂಡ ಕಿಟಕಿಯ ಕಡೆ ನೋಡುತ್ತಾ, "ಗಿರಣಿಯಾಗ ಎಲ್ಲಾರ ಮುಂದ ನನ್ನನ್ನ ಕಳ್ಳನ ಹಂಗ ಕೇಳಿದ್ರಣ್ಣ. ಹಾಕ್ಲಿ ಬಿಡು" ಎಂದರು. ನನಗಾಗಿ ಹೇಳಿದರೋ, ತಮ್ಮ ಮರ್ಯಾದೆಗಾಗಿ ಹೇಳಿದರೋ ಗೊತ್ತಿಲ್ಲ. ಕೇಳಲಿಲ್ಲ. ಭಾವನವರು ಚಹಾ ಕುಡಿಯದೆ ಹೋದರು.

ಮರುದಿನ ಬಯಲಿನಲ್ಲಿ ಗಂಡನೇ ಫೋಟೋ ತೆಗೆದರು. ನಾನು ಗಾಡಿಯ ಪಕ್ಕ, ಹೆಲ್ಮೆಟ್ ಕಂಕುಳಲ್ಲಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇನೆ. ನಗು ಎಂದರು, ನಗು ಬರಲಿಲ್ಲ. ಅದನ್ನೇ ಹಾಕಿದೆ. ಕಂಪ್ಲಿಯಲ್ಲಿ ನನ್ನ ಯಾವ ಶಾಲೆಯೂ ಇಲ್ಲ ಎಂದು ಅದರ ಕೆಳಗೆ ಬರೆದೆ. ಕಂಪ್ಲಿಯವನು ಕೆಲವು ದಿನಕ್ಕೆ ತನ್ನ ವೆಬ್‌ಸೈಟಿನಿಂದ ಹೆಂಗಸು ಎಂಬ ಮಾತನ್ನು ತೆಗೆದ. ದನ ಮೇಯಿಸುವವರನ್ನು ಮಾತ್ರ ಇನ್ನೂ ಇಟ್ಟುಕೊಂಡಿದ್ದಾನೆ.

ಅಲ್ಲಿ ಮೋಸಹೋದ ಆ ಹೆಂಗಸು ನನ್ನ ಹತ್ತಿರ ಬಂದು ಕಲಿತರು. ಬಸ್ಸಿನಲ್ಲಿ ಹೋಗಿ ಬರುವುದು ದೂರವಾದರೂ ಬಿಡಲಿಲ್ಲ. ಮೊದಲ ದಿನ ಬಯಲಿನ ಅಂಚಿನಲ್ಲಿ ನಿಂತು, ಫೋನನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, ಹೌದೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹತ್ತಿರ ಬಂದರು. ಹಾಗೆ ಖಾತ್ರಿ ಮಾಡಿಕೊಳ್ಳುವವರನ್ನು ಈಗ ಆಗಾಗ ನೋಡುತ್ತೇನೆ. ನೋಡಿ ಮುಗಿಯುವವರೆಗೆ ಸುಮ್ಮನೆ ನಿಂತಿರುತ್ತೇನೆ.

ಸಿಟ್ಟು ಹೋಯಿತೇ ಎಂದರೆ, ಇಲ್ಲ. ಮೊನ್ನೆ ಬಯಲಿನ ಅರ್ಧಕ್ಕೆ ಯಾರೋ ಜಲ್ಲಿ ತಂದು ಸುರಿದಿದ್ದಾರೆ, ಕಟ್ಟಡ ಬರುತ್ತದಂತೆ. ಯಾರನ್ನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ. ಕೆರೆಯ ಕಡೆ ಇನ್ನೊಂದು ಜಾಗ ನೋಡಿ ಬಂದೆ. ನೆಲ ಗಟ್ಟಿಯಿದೆ, ನೆರಳಿಲ್ಲ. ನೆಲ ಗಟ್ಟಿ, ಬಿದ್ದರೆ ತರಚುತ್ತದೆ, ಉದ್ದ ತೋಳಿನ ರವಿಕೆ ತೊಟ್ಟು ಬನ್ನಿ ಎಂದು ಇವತ್ತು ಬರೆದು ಹಾಕಬೇಕು.